ಬೆಂಗಳೂರಿನ ಪಾಲಿಕೆ ಚುನಾವಣೆ: ವಾರ್ಡಿನ ಗೆರೆ ಯಾರ ಕೈಯಲ್ಲಿರಬೇಕು?

ಮಾನ್ಯ ಸಂಪಾದಕರೇ,

ಕೇರಳದ 1,199 ಸ್ಥಳೀಯಾಡಳಿತ ಸಂಸ್ಥೆಗಳಿಗೆ 2025ರ ಡಿಸೆಂಬರ್ 9 ಮತ್ತು 11ರಂದು ಎರಡು ಹಂತಗಳಲ್ಲಿ ಮತದಾನ ನಡೆದು, 13ರಂದು ಎಣಿಕೆಯಾಗಿ, ಹಳೆಯ ಆಡಳಿತ ಮಂಡಳಿಗಳ ಅವಧಿ 20ಕ್ಕೆ ಮುಗಿದ ಮರುದಿನವೇ ಹೊಸ ಸದಸ್ಯರು ಪ್ರಮಾಣವಚನ ಸ್ವೀಕರಿಸಿದ್ದಾರೆ. ನಮ್ಮ ಕಾಸರಗೋಡು ಜಿಲ್ಲೆ ಎರಡನೆಯ ಹಂತದಲ್ಲಿತ್ತು. ಯಾರು ಗೆದ್ದರು, ಯಾರು ಸೋತರು, ಯಾವ ಪಂಚಾಯತಿನಲ್ಲಿ ಯಾರು ಯಾರೊಡನೆ ಸೇರಿ ಅಧ್ಯಕ್ಷ ಸ್ಥಾನ ಹಿಡಿದರು ಎಂಬುದನ್ನೆಲ್ಲ ತಮ್ಮ ಪತ್ರಿಕೆ ಪುಟಗಟ್ಟಲೆ ವರದಿ ಮಾಡಿದೆಯಾದ್ದರಿಂದ ಆ ವಿಷಯಕ್ಕೆ ನಾನು ಹೋಗುವುದಿಲ್ಲ. ಅದೇ ದಿನಗಳ ಪತ್ರಿಕೆಯಲ್ಲಿ ಬೆಂಗಳೂರಿನ ಹಳೆಯ ಪಾಲಿಕೆ ಒಡೆದು ಆದ ಐದು ನಗರಪಾಲಿಕೆಗಳಿಗೆ ಚುನಾವಣೆ ಯಾವಾಗ ಎಂಬ ಚರ್ಚೆಯೂ ಬರುತ್ತಿದೆ. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದುವ ಗಡಿನಾಡಿನ ಕನ್ನಡಿಗನೊಬ್ಬನಿಗೆ ಅನ್ನಿಸಿದ್ದನ್ನು ಹೇಳುವುದಕ್ಕಾಗಿ ಈ ಪತ್ರ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೊನೆಯ ಚುನಾಯಿತ ಮಂಡಳಿಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಅಂದಿನಿಂದ ಇಂದಿನವರೆಗೆ, ಅಂದರೆ ಒಂದು ಮಂಡಳಿಯ ಪೂರ್ಣಾವಧಿಗಿಂತಲೂ ಹೆಚ್ಚು ಕಾಲ, ದೇಶದ ಅತಿ ದೊಡ್ಡ ನಗರಗಳಲ್ಲೊಂದು ಕಾರ್ಪೊರೇಟರುಗಳಿಲ್ಲದೆ, ಮೇಯರ್ ಇಲ್ಲದೆ, ಅಧಿಕಾರಿಗಳ ಕೈಯಲ್ಲೇ ನಡೆಯುತ್ತಿದೆ. ಇದು ಮೊದಲ ಸಲವೂ ಅಲ್ಲ. 2006ರ ನವೆಂಬರಿನಲ್ಲಿ ಅಂದಿನ ಮಂಡಳಿಯ ಅವಧಿ ಮುಗಿದ ಮೇಲೆ, ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಪಾಲಿಕೆಯನ್ನು 'ಬೃಹತ್' ಮಾಡಿದ ಕಾರಣ ಹೇಳಿಕೊಂಡು, 2010ರ ಮಾರ್ಚ್ 28ರ ವರೆಗೆ ಚುನಾವಣೆಯನ್ನು ಎಳೆಯಲಾಗಿತ್ತು. ಲೆಕ್ಕ ಹಾಕಿದರೆ, ಕಳೆದ ಹತ್ತೊಂಬತ್ತು ವರ್ಷಗಳಲ್ಲಿ ಆ ನಗರಕ್ಕೆ ಚುನಾಯಿತ ಮಂಡಳಿ ಇದ್ದದ್ದು ಸುಮಾರು ಹತ್ತು ವರ್ಷ ಮಾತ್ರ.

ಕಾಸರಗೋಡಿನವರಿಗೆ ಬೆಂಗಳೂರಿನ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಮಂಜೇಶ್ವರದಿಂದ ದೇಲಂಪಾಡಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಮನೆಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಮಗನೋ ಮಗಳೋ ಇಲ್ಲದ ಮನೆಯನ್ನು ಹುಡುಕಬೇಕಾದೀತು. ಅವರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಮನೆ ಮಾಡಿ, ಅಲ್ಲಿಯ ಮತದಾರರ ಪಟ್ಟಿಗೆ ಸೇರಿ, ಅಲ್ಲಿಯೇ ಆಸ್ತಿ ತೆರಿಗೆ ಕಟ್ಟುತ್ತಿದ್ದಾರೆ. 2020ರ ಬಳಿಕ ಹದಿನೆಂಟು ತುಂಬಿದ ಅವರ ಮಕ್ಕಳು ವಿಧಾನಸಭೆಗೂ ಲೋಕಸಭೆಗೂ ಓಟು ಹಾಕಿದ್ದಾರೆ. ತಮ್ಮ ಬೀದಿಯ ಮೋರಿ, ದಾರಿದೀಪ, ಕಸದ ಗಾಡಿಗಳಿಗೆ ಸಂಬಂಧಪಟ್ಟ ಓಟನ್ನು ಮಾತ್ರ ಈತನಕ ಹಾಕಿಲ್ಲ. ಅವರದೇ ವಯಸ್ಸಿನ, ಊರಿನ ಪಟ್ಟಿಯಲ್ಲೇ ಹೆಸರು ಉಳಿಸಿಕೊಂಡ ಸೋದರ ಸಂಬಂಧಿಗಳು ರಾತ್ರಿ ಬಸ್ಸು ಹಿಡಿದು ಬಂದು ಬೆಳಿಗ್ಗೆ ಶಾಲೆಯ ಬೂತಿನಲ್ಲಿ ಸಾಲು ನಿಂತು, ಬಿಳಿ, ನಸುಗೆಂಪು, ನೀಲಿ ಹೀಗೆ ಮೂರು ಬಣ್ಣದ ಪಟ್ಟಿಗಳಿರುವ ಯಂತ್ರಗಳಲ್ಲಿ ಗ್ರಾಮ, ಬ್ಲಾಕ್, ಜಿಲ್ಲಾ ಪಂಚಾಯತುಗಳಿಗೆ ಮೂರು ಓಟು ಒತ್ತಿ ಹೋಗಿದ್ದಾರೆ.

ಮಂಗಳೂರಿನ ಸಂಗತಿಯಂತೂ ನಮಗೆ ಇನ್ನೂ ಹತ್ತಿರದ್ದು. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ಎಂದು ದಿನನಿತ್ಯ ಗಡಿಯ ತಲಪಾಡಿ ದಾಟಿ ಹೋಗುವ ನಮಗೆ ಅದು ಪರಸ್ಥಳವೆಂದು ಅನ್ನಿಸುವುದೇ ಇಲ್ಲ. ಅಲ್ಲಿಯ 60 ವಾರ್ಡುಗಳ ಮಹಾನಗರ ಪಾಲಿಕೆಯ ಅವಧಿ 2025ರ ಫೆಬ್ರವರಿ 27ಕ್ಕೆ ಮುಗಿಯಿತು, ಚುನಾವಣೆ ನಡೆದಿಲ್ಲ. ಅದರ ಹಿಂದಿನ ಮಂಡಳಿಯ ಕಥೆ ಇನ್ನೂ ವಿಚಿತ್ರವಾದದ್ದು: 2013ರ ಮಾರ್ಚಿನಲ್ಲಿ ಚುನಾವಣೆ ನಡೆದು ಫಲಿತಾಂಶವೂ ಬಂದ ಮೇಲೆ ಮೇಯರ್ ಆಯ್ಕೆಗೆ ಒಂದು ವರ್ಷ ಹಿಡಿಯಿತು. 2019ರ ನವೆಂಬರ್ 12ರಂದು ಮತ ಹಾಕಿದ ಮಂಗಳೂರಿಗರು ಮೇಯರನ್ನು ಕಂಡದ್ದು 2020ರ ಫೆಬ್ರವರಿ ಕೊನೆಯಲ್ಲಿ. ಗೆದ್ದು ಬಂದ ಸದಸ್ಯರು ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತಿರುವುದು ಎಂಥ ವ್ಯವಸ್ಥೆಯೋ ನನಗೆ ತಿಳಿಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಂಚಾಯತು ಕಚೇರಿಯಲ್ಲಿ ಬಹುಕಾಲ ಗುಮಾಸ್ತನಾಗಿದ್ದು ಚುನಾವಣೆಯ ಕಾಗದಪತ್ರಗಳ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಚುನಾವಣೆ ನಿಂತುಹೋಗುವುದು ಮತದಾನದ ಸಿದ್ಧತೆಯಲ್ಲಿ ಅಲ್ಲ. ಅದಕ್ಕೂ ಮೊದಲಿನ ಎರಡು ಕೆಲಸಗಳಲ್ಲಿ. ಒಂದು, ವಾರ್ಡುಗಳ ಪುನರ್ವಿಂಗಡಣೆ, ಅಂದರೆ ಅವುಗಳ ಗಡಿಯ ಗೆರೆಯನ್ನು ಹೊಸದಾಗಿ ಎಳೆಯುವುದು. ಇನ್ನೊಂದು, ಯಾವ ವಾರ್ಡು ಯಾರಿಗೆ ಮೀಸಲು ಎಂಬ ಪಟ್ಟಿ. ಸಂವಿಧಾನದ 243-ಯು ವಿಧಿ ನಗರಾಡಳಿತದ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು ಎಂದು ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ ಹೇಳುತ್ತದೆ. 243-ಜೆಡ್‌ಎ ವಿಧಿ ಮತದಾರರ ಪಟ್ಟಿಯನ್ನೂ ಚುನಾವಣೆಯ ನಿರ್ವಹಣೆಯನ್ನೂ ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸುತ್ತದೆ. ಆದರೆ ವಾರ್ಡಿನ ಗೆರೆ ಎಳೆಯುವವರು ಯಾರು ಎಂಬುದನ್ನು ರಾಜ್ಯದ ಕಾನೂನಿಗೆ ಬಿಡಲಾಗಿದೆ. ಕರ್ನಾಟಕದಲ್ಲಿ ಆ ಗೆರೆಯೂ ಮೀಸಲಾತಿ ಪಟ್ಟಿಯೂ ಸರಕಾರದ ಅಧಿಸೂಚನೆಯಿಂದಲೇ ಬರಬೇಕು. ಅವು ಬಾರದೆ ಆಯೋಗ ದಿನಾಂಕ ನಿಗದಿ ಮಾಡುವಂತಿಲ್ಲ. ಚುನಾವಣೆ ಬೇಡ ಎಂದು ಯಾವ ಸರಕಾರವೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗೆರೆ ಎಳೆಯುವುದನ್ನು ಮುಗಿಸದಿದ್ದರೆ ಸಾಕು.

ಬೆಂಗಳೂರಿನಲ್ಲಿ ಆದದ್ದು ಇದೇ. 2020ರಲ್ಲಿ 198 ವಾರ್ಡುಗಳಿದ್ದವು. ಅವಧಿ ಮುಗಿದ ಮೇಲೆ ಹೊಸ ಕಾನೂನು ತಂದು ವಾರ್ಡುಗಳನ್ನು 243 ಮಾಡುತ್ತೇವೆ ಎಂದರು. ಇರುವ 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು ಹೈಕೋರ್ಟು 2020ರ ಡಿಸೆಂಬರಿನಲ್ಲಿ ಆದೇಶಿಸಿದಾಗ ಅದಕ್ಕೆ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂತು. 243 ವಾರ್ಡುಗಳ ಗಡಿ ಅಂತಿಮವಾದದ್ದು 2022ರ ಜುಲೈಯಲ್ಲಿ, ಅದೂ ಸುಪ್ರೀಂ ಕೋರ್ಟು ಎಂಟು ವಾರಗಳ ಗಡುವು ಹಾಕಿದ ಮೇಲೆ. ಅದರ ಬೆನ್ನಿಗೆ ಬಂದ ಮೀಸಲಾತಿ ಪಟ್ಟಿಯನ್ನು ಹೈಕೋರ್ಟು ಅದೇ ವರ್ಷದ ಸೆಪ್ಟೆಂಬರ್ 30ರಂದು ರದ್ದುಮಾಡಿ, ಹೊಸ ಪಟ್ಟಿ ಮಾಡಿ ಡಿಸೆಂಬರ್ ಮುಗಿಯುವುದರೊಳಗೆ ಚುನಾವಣೆ ನಡೆಸಲು ಹೇಳಿತು. ಡಿಸೆಂಬರ್ ಬಂತು, ಹೋಯಿತು. 2023ರಲ್ಲಿ ಸರಕಾರ ಬದಲಾಯಿತು, ವಾರ್ಡುಗಳು 225 ಆದವು. ಅನಂತರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು, 2025ರ ಸೆಪ್ಟೆಂಬರ್ 2ರಂದು ಒಂದು ಪಾಲಿಕೆ ಐದಾಗಿ ಒಡೆಯಿತು. 2025ರ ನವೆಂಬರಿನಲ್ಲಿ ಅಂತಿಮಗೊಂಡ ಲೆಕ್ಕದಂತೆ ಐದೂ ಪಾಲಿಕೆಗಳ ಒಟ್ಟು ವಾರ್ಡುಗಳು 369. 2025ರ ಡಿಸೆಂಬರಿನ ತನಕ ಮೀಸಲಾತಿ ಪಟ್ಟಿ ಬಂದಿಲ್ಲ. ಮೂರು ಸಲ ಹೊಸದಾಗಿ ಗೆರೆ ಎಳೆದ ಈ ಐದು ವರ್ಷಗಳಲ್ಲಿ ಎರಡು ಪಕ್ಷಗಳ ಸರಕಾರಗಳೂ ಇದ್ದವು ಎಂಬುದನ್ನು ಗಮನಿಸಬೇಕು. ಒಂದು ಪಕ್ಷವನ್ನು ದೂರಿ ಇನ್ನೊಂದನ್ನು ಹೊಗಳುವುದಕ್ಕೆ ಇಲ್ಲಿ ಅವಕಾಶವಿಲ್ಲ.

ವಾರ್ಡುಗಳನ್ನು ಹೆಚ್ಚಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. 2011ರ ಜನಗಣತಿಯಂತೆ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. 198ರಿಂದ ಭಾಗಿಸಿದರೆ ಒಬ್ಬ ಕಾರ್ಪೊರೇಟರಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ. ಅದೇ ಜನಗಣತಿಯಲ್ಲಿ ಇಡೀ ಕಾಸರಗೋಡು ನಗರಸಭೆಯ ಜನಸಂಖ್ಯೆ ಸುಮಾರು 54 ಸಾವಿರ, ಅದಕ್ಕೆ ಈ ಸಲ 39 ವಾರ್ಡು, 39 ಕೌನ್ಸಿಲರುಗಳು. ನಮ್ಮಲ್ಲಿ ವಾರ್ಡಿನ ಮೆಂಬರನ್ನು ಹಾಲಿನ ಸೊಸೈಟಿಯಲ್ಲೋ ಮದುವೆ ಚಪ್ಪರದಲ್ಲೋ ಹಿಡಿದು ನಿಲ್ಲಿಸಿ, "ನಮ್ಮ ಮಾರ್ಗದ ಲೈಟು ಉರಿಯುತ್ತಿಲ್ಲವಲ್ಲ ಮಾರಾಯರೇ" ಎಂದು ಕೇಳಬಹುದು. ವೃದ್ಧಾಪ್ಯ ಪಿಂಚಣಿಯ ಅರ್ಜಿಯಿಂದ ಹಿಡಿದು ಹರಿತ ಕರ್ಮ ಸೇನೆ ಎಂಬ ಕಸ ಸಂಗ್ರಹದ ತಂಡದವರು ಪ್ಲಾಸ್ಟಿಕ್ ಕೊಂಡುಹೋಗಲು ಬಾರದ ದೂರಿನ ತನಕ ಎಲ್ಲವೂ ಮೊದಲು ತಲಪುವುದು ಅವರ ಕಿವಿಗೆ. ಅವರಿಂದ ಕೆಲಸ ಆಗಿಯೇ ಆಗುತ್ತದೆ ಎಂದಲ್ಲ, ಎಷ್ಟೋ ಸಲ ಆಗುವುದಿಲ್ಲ. ಆದರೆ ಆಗದಿದ್ದರೆ ಏಕೆ ಆಗಲಿಲ್ಲ ಎಂದು ಉತ್ತರ ಹೇಳಬೇಕಾದ ಒಬ್ಬ ಮನುಷ್ಯ ಮುಖಾಮುಖಿ ಸಿಗುತ್ತಾನೆ ಅಥವಾ ಸಿಗುತ್ತಾಳೆ. ಬೆಂಗಳೂರಿನಂಥ ನಗರಕ್ಕೆ ವಾರ್ಡು ಚಿಕ್ಕದಾದಷ್ಟೂ ಒಳ್ಳೆಯದೇ. ನನ್ನ ತಕರಾರು ಇರುವುದು ಆ ಕೆಲಸವನ್ನು ಅವಧಿ ಮುಗಿಯುವ ಮೊದಲು ಮಾಡದೆ, ಮುಗಿದ ಮೇಲೆ ಆರಂಭಿಸಿ, ಅದು ಮುಗಿಯುವ ತನಕ ಚುನಾವಣೆ ಇಲ್ಲ ಎನ್ನುವ ಕ್ರಮಕ್ಕೆ.

ಕೇರಳದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗಡಿಯಾಚೆಯವರಿಗೆ ಇದರ ಪರಿಚಯ ಕಡಿಮೆ. ವಾರ್ಡುಗಳ ಸಂಖ್ಯೆಯನ್ನು ನಿಗದಿಪಡಿಸುವುದು ಇಲ್ಲಿಯೂ ಸರಕಾರವೇ. ಗೆರೆ ಎಳೆಯುವುದು ಮಾತ್ರ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರಾಗಿರುವ ಡಿಲಿಮಿಟೇಶನ್ ಕಮಿಷನ್, ಅಂದರೆ ಪುನರ್ವಿಂಗಡಣೆಯ ಆಯೋಗ. ಸರಕಾರದ ಕಾರ್ಯದರ್ಶಿಗಳು ಅದರ ಸದಸ್ಯರು. ಕರಡು 2024ರ ನವೆಂಬರಿನಲ್ಲಿ, ಅಂದರೆ ಚುನಾವಣೆಗೆ ಒಂದು ವರ್ಷ ಮೊದಲೇ ಹೊರಬಂದು, ಆಕ್ಷೇಪಗಳ ಅಹವಾಲು ನಡೆದು, ರಾಜ್ಯದ ಒಟ್ಟು ವಾರ್ಡುಗಳು 23,612ಕ್ಕೆ ಏರಿದವು. ಆಮೇಲೆ ಮೀಸಲಾತಿ. ಮೀಸಲು ವಾರ್ಡುಗಳು ಚುನಾವಣೆಯಿಂದ ಚುನಾವಣೆಗೆ ಬದಲಾಗಬೇಕೆಂಬ ಸರದಿಯ ನಿಯಮ ಪಾಲಿಸಿದ ಮೇಲೂ ಯಾವ ವಾರ್ಡು ಎಂಬ ಪ್ರಶ್ನೆ ಉಳಿದಲ್ಲಿ ಚೀಟಿ ಎತ್ತುತ್ತಾರೆ. ಸಭಾಂಗಣದಲ್ಲಿ ಎಲ್ಲ ಪಕ್ಷಗಳ ಪ್ರತಿನಿಧಿಗಳು ಕುಳಿತಿರುತ್ತಾರೆ. ವಾರ್ಡಿನ ನಂಬರ್ ಬರೆದು ಮಡಚಿದ ಚೀಟಿಗಳನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಿ, ಒಂದೊಂದನ್ನೇ ತೆಗೆದು ಬಿಡಿಸಿ, ಎದುರಿದ್ದವರಿಗೆ ತೋರಿಸಿ ಓದಿ ಹೇಳುತ್ತಾರೆ. ಐದು ವರ್ಷದಿಂದ ಒಂದು ವಾರ್ಡಿನಲ್ಲಿ ಮನೆ ಮನೆ ಸುತ್ತಿ ನೆಲೆ ಮಾಡಿಕೊಂಡ ಮುಖಂಡರ ವಾರ್ಡು ಮಹಿಳೆಯರಿಗೆ ಹೋಗಿಬಿಟ್ಟಿತು ಎಂದಾದಾಗ ಅವರ ಮುಖ ನೋಡಬೇಕು. ಆದರೂ ಅವರು ಸಿಟ್ಟು ಮಾಡುವುದಾದರೆ ಆ ಚೀಟಿಯ ಮೇಲೆಯೇ ಮಾಡಬೇಕು. ಇಲಾಖೆಯ ಕೋಣೆಯೊಳಗೆ ತಯಾರಾಗಿ ರಾಜ್ಯಪತ್ರದಲ್ಲಿ ಹೊರಬೀಳುವ ಪಟ್ಟಿಗೆ ಈ ರಕ್ಷಣೆ ಇಲ್ಲ. ಅದು ಪ್ರಾಮಾಣಿಕವಾಗಿಯೇ ತಯಾರಾಗಿದ್ದರೂ, ವಿರೋಧಿಗಳ ಕಣ್ಣಿಗೆ ಅದರಲ್ಲಿ ಯಾರದೋ ಕೈ ಕಾಣುತ್ತದೆ, ಕೋರ್ಟಿಗೆ ಹೋಗುತ್ತಾರೆ, ಇನ್ನಾರು ತಿಂಗಳು ಕಳೆಯುತ್ತದೆ.

ಇಲ್ಲಿಯೂ ದೂರುಗಳಿರಲಿಲ್ಲ ಎಂದಲ್ಲ. ಆಳುವ ಪಕ್ಷಕ್ಕೆ ಅನುಕೂಲವಾಗುವಂತೆ ಗಡಿ ಹಾಕಿದ್ದಾರೆ ಎಂದು ಪ್ರತಿಪಕ್ಷಗಳು ಕೂಗಾಡಿವೆ, ಕೆಲವು ಕಡೆಯ ಪುನರ್ವಿಂಗಡಣೆ ಹೈಕೋರ್ಟಿನ ಮೆಟ್ಟಿಲನ್ನೂ ಏರಿದೆ. ಕನ್ನಡಿಗರಾದ ನಮಗೆ ಈ ಸರಕಾರದ ಮೇಲೆ ಇರುವ ಇತರ ಅಸಮಾಧಾನಗಳ ಪಟ್ಟಿಯೂ ಸಣ್ಣದಲ್ಲ. ಅದನ್ನು ಬೇರೆ ಪತ್ರಗಳಲ್ಲಿ ಬರೆಯುತ್ತಲೇ ಇರುತ್ತೇವೆ. ಆದರೂ ಚುನಾವಣೆಯ ದಿನ ತಪ್ಪಲಿಲ್ಲ. ಇದಕ್ಕಿಂತ ಮುಖ್ಯವಾಗಿ ಬೆಂಗಳೂರಿನವರು ಗಮನಿಸಬೇಕಾದದ್ದು 2020ರ ಸಂಗತಿ. ಆ ವರ್ಷವೂ ಪ್ರತಿ ಸಂಸ್ಥೆಯಲ್ಲಿ ವಾರ್ಡು ಹೆಚ್ಚಿಸುವ ಕಾನೂನನ್ನು ಕೇರಳ ವಿಧಾನಸಭೆ ಫೆಬ್ರವರಿಯಲ್ಲೇ ಅಂಗೀಕರಿಸಿತ್ತು. ಕೊರೋನ ಬಂತು, ಪುನರ್ವಿಂಗಡಣೆಗೆ ಸಮಯ ಸಾಲದು ಎಂದಾದಾಗ ಸರಕಾರ ಕೈಬಿಟ್ಟದ್ದು ಪುನರ್ವಿಂಗಡಣೆಯನ್ನು, ಚುನಾವಣೆಯನ್ನಲ್ಲ. 2015ರ ಹಳೆಯ ವಾರ್ಡುಗಳಲ್ಲೇ ಡಿಸೆಂಬರಿನಲ್ಲಿ ಮತದಾನ ನಡೆಯಿತು. ಕಾಸರಗೋಡಿನಲ್ಲಿ ಆ ತಿಂಗಳ 14ರಂದು ಮಾಸ್ಕು ಕಟ್ಟಿಕೊಂಡು, ಕೈಗೆ ಸ್ಯಾನಿಟೈಸರ್ ಸುರಿಸಿಕೊಂಡು ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. ನವೆಂಬರಿನಲ್ಲಿ ಅವಧಿ ಮುಗಿದು ಒಂದು ತಿಂಗಳಿಗೂ ತುಸು ಹೆಚ್ಚು ಕಾಲ ಅಧಿಕಾರಿಗಳ ಸಮಿತಿ ಆಡಳಿತ ನಡೆಸಿತು, ಅಷ್ಟೇ. ಅದೇ ಕೊರೋನ, ಅದೇ ವರ್ಷ, ಅದೇ ವಾರ್ಡು ಹೆಚ್ಚಳದ ಪ್ರಸ್ತಾಪ ಎರಡೂ ಕಡೆ ಇತ್ತು. ಒಂದು ಕಡೆ ಒಂದು ತಿಂಗಳ ವಿಳಂಬ, ಇನ್ನೊಂದು ಕಡೆ ಐದು ವರ್ಷ.

ಕೇರಳದವರು ಹುಟ್ಟಿನಿಂದಲೇ ಶಿಸ್ತಿನವರು ಎಂದು ಯಾರೂ ತಿಳಿಯಬೇಕಾಗಿಲ್ಲ. 1963ರಲ್ಲಿ ಪಂಚಾಯತು ಚುನಾವಣೆ ನಡೆದ ಮೇಲೆ ಇಲ್ಲಿ ಮುಂದಿನದು ನಡೆದದ್ದು 1979ರಲ್ಲಿ, ಆಮೇಲೆ 1988ರಲ್ಲಿ. ಆ ಕಾಲದಲ್ಲಿ ನಾವು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದದ್ದು ಕರ್ನಾಟಕದ ಕಡೆಗೆ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿ ತಂದ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು ಅಧಿಕಾರ ಹಳ್ಳಿಗೆ ಇಳಿದಾಗ, ಅದನ್ನು ನೋಡಿ ಕಲಿಯಲು ದೇಶದ ಬೇರೆ ಬೇರೆ ರಾಜ್ಯಗಳವರು ಅಲ್ಲಿಗೆ ಬರುತ್ತಿದ್ದರು. ಪಂಚಾಯತುಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೆಯ ತಿದ್ದುಪಡಿ ಬಂದೊಡನೆ ಅದಕ್ಕೆ ತಕ್ಕ ಕಾನೂನು ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೇರಳ ಸರಿದಾರಿಗೆ ಬಂದದ್ದು 1994ರ ಕಾನೂನುಗಳ ಬಳಿಕ. 1995ರಿಂದ ಈಚೆಗೆ ಐದೈದು ವರ್ಷಕ್ಕೊಮ್ಮೆ ಏಳು ಚುನಾವಣೆಗಳು ನಡೆದಿವೆ. ನಜೀರ್ ಸಾಬರ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಅವುಗಳ ಗತಿಯೂ ಬೆಂಗಳೂರಿನದ್ದೇ ಆಗಿದೆ.

ದೊಡ್ಡ ನಗರಕ್ಕೆ ಈ ಸಣ್ಣ ಊರುಗಳ ಲೆಕ್ಕ ಹೊಂದುವುದಿಲ್ಲ ಎಂಬ ವಾದವನ್ನೂ ಕೇಳಿದ್ದೇನೆ. ತಿರುವನಂತಪುರ, ಕೊಚ್ಚಿ, ಕೋಝಿಕ್ಕೋಡು ಪಾಲಿಕೆಗಳಿಗೂ ಇದೇ ವೇಳಾಪಟ್ಟಿಯಲ್ಲಿ ಮತದಾನ ನಡೆದಿದೆ. ಅವು ಬೆಂಗಳೂರಿನಷ್ಟು ದೊಡ್ಡವಲ್ಲ ಎಂಬುದು ನಿಜ. ಬೆಂಗಳೂರಿಗಿಂತಲೂ ದೊಡ್ಡದಾದ ಮುಂಬಯಿಯಲ್ಲಿ 2017ರ ಚುನಾವಣೆಯ ಮಂಡಳಿ 2022ರ ಮಾರ್ಚಿನಲ್ಲಿ ಮುಗಿದು, ಅಲ್ಲಿಯೂ ಮೀಸಲಾತಿ ಮತ್ತು ವಾರ್ಡುಗಳ ಹೆಸರಿನಲ್ಲಿ ಸುಮಾರು ನಾಲ್ಕು ವರ್ಷ ಕಳೆದು, ಕೊನೆಗೆ ಸುಪ್ರೀಂ ಕೋರ್ಟು ಗದರಿಸಿದ ಮೇಲೆ 2026ರ ಜನವರಿ 15ಕ್ಕೆ ಮತದಾನ ನಿಗದಿಯಾಗಿದೆ. ಚುನಾವಣೆಯನ್ನು ತಡೆದದ್ದು ನಗರದ ಗಾತ್ರವಲ್ಲವೆಂಬುದಕ್ಕೆ ಇಷ್ಟು ಸಾಕು. ಲೋಕಸಭೆಗೋ ವಿಧಾನಸಭೆಗೋ ಅದೇ ಬೆಂಗಳೂರಿನಲ್ಲಿ ಅದೇ ಬೂತುಗಳಲ್ಲಿ ಒಂದು ದಿನವೂ ಹೆಚ್ಚುಕಡಿಮೆಯಾಗದೆ ಚುನಾವಣೆ ನಡೆಯುತ್ತದೆಯಲ್ಲ?

ನನಗೆ ಕಾಣುವಂತೆ ನಿಜವಾದ ಕಾರಣ ಬೇರೆ. ಕಾರ್ಪೊರೇಟರ್ ಇಲ್ಲದಿದ್ದರೆ ವಾರ್ಡಿನ ಕಾಮಗಾರಿಯ ಪಟ್ಟಿ ಹಿಡಿದು ಅಧಿಕಾರಿಗಳು ಹೋಗುವುದು ಶಾಸಕರ ಮನೆಗೆ. ರಸ್ತೆಗೆ ಡಾಂಬರು ಹಾಕುವಾಗ ತೆಂಗಿನಕಾಯಿ ಒಡೆಯುವವರೂ ಅವರೇ. ನಾಳೆ ತಮ್ಮ ಸೀಟಿಗೇ ಸ್ಪರ್ಧಿಯಾಗಬಲ್ಲ ಒಬ್ಬ ಜನಪ್ರಿಯ ಕಾರ್ಪೊರೇಟರ್ ಬೆಳೆಯದಿದ್ದರೆ ಯಾವ ಪಕ್ಷದ ಶಾಸಕರಿಗೂ ನಷ್ಟವಿಲ್ಲ. ಹೊಸ ಕಾಯ್ದೆಯಲ್ಲಿ ಐದು ಪಾಲಿಕೆಗಳ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಪ್ರಾಧಿಕಾರವನ್ನೂ ಕೂರಿಸಲಾಗಿದೆ. ಪಾಲಿಕೆಗಳಿಗೆ ಚುನಾವಣೆಯಾಗುವ ಮೊದಲೇ ಅವುಗಳ ಮೇಲಿನವರು ಕೆಲಸ ಆರಂಭಿಸಿರುವುದು ಯಾವ ಕ್ರಮವೋ ತಿಳಿದವರು ಹೇಳಬೇಕು.

ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಮೌನವಾಗಿಲ್ಲ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲೇ, ಅವಧಿಯೊಳಗೆ ಚುನಾವಣೆ ನಡೆಸಲೇಬೇಕೆಂದು ಹೇಳಿತ್ತು. 2022ರ ಮೇಯಲ್ಲಿ ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ, ಪುನರ್ವಿಂಗಡಣೆ ಮುಗಿದಿಲ್ಲ ಎಂಬ ಕಾರಣಕ್ಕೆ ಚುನಾವಣೆ ಕಾಯಬೇಕಾಗಿಲ್ಲ ಎಂದೂ ಸ್ಪಷ್ಟಪಡಿಸಿತು. ಆದರೆ ಒಂದೊಂದು ನಗರದವರೂ ಒಂದೊಂದು ಸಲವೂ ದೆಹಲಿಯ ತನಕ ಹೋಗಿ ಆದೇಶ ತರಬೇಕು ಎಂದಾದರೆ ಐದು ವರ್ಷದ ಅವಧಿ ಆದೇಶ ತರುವುದರಲ್ಲೇ ಮುಗಿಯುತ್ತದೆ. ಆದುದರಿಂದ ಆಗಬೇಕಾದದ್ದು ರಾಜ್ಯದ ಕಾನೂನಿನ ತಿದ್ದುಪಡಿ. ಗೆರೆ ಎಳೆಯುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯುಕ್ತರ ಅಧ್ಯಕ್ಷತೆಯ ಆಯೋಗಕ್ಕೆ ಕೊಡಬೇಕು. ಮೀಸಲು ವಾರ್ಡುಗಳನ್ನು ಸರದಿಯ ಪ್ರಕಾರ, ಉಳಿದಲ್ಲಿ ಬಹಿರಂಗವಾಗಿ ಚೀಟಿ ಎತ್ತಿ ನಿರ್ಧರಿಸಬೇಕು. ಅವಧಿ ಮುಗಿಯಲು ಆರು ತಿಂಗಳಿರುವಾಗ ಹೊಸ ಗಡಿ ಸಿದ್ಧವಾಗಿರದಿದ್ದರೆ ಹಳೆಯ ವಾರ್ಡುಗಳಲ್ಲೇ ಚುನಾವಣೆ ನಡೆಯತಕ್ಕದ್ದು ಎಂಬ ಒಂದು ವಾಕ್ಯವನ್ನು ಕಾಯ್ದೆಗೆ ಸೇರಿಸಬೇಕು. ಈ ಮೂರನೆಯದು ಒಂದಿದ್ದಿದ್ದರೂ ಬೆಂಗಳೂರಿಗೆ 2020ರಲ್ಲೇ ಚುನಾವಣೆ ಆಗಿರುತ್ತಿತ್ತು.

ಬೆಂಗಳೂರಿನ ಮತದಾರರ ಪಾಲನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. 2010ರಲ್ಲಿಯೂ 2015ರಲ್ಲಿಯೂ ಅಲ್ಲಿ ಓಟು ಹಾಕಿದವರು ಅರ್ಧಕ್ಕಿಂತ ಕಡಿಮೆ. ಕೇರಳದ ಸ್ಥಳೀಯ ಚುನಾವಣೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬೂತಿಗೆ ಬರುತ್ತಾರೆ. ಓಟು ಹಾಕದ ಊರಿನಲ್ಲಿ ಚುನಾವಣೆಯನ್ನು ಮುಂದೂಡಿದರೆ ಬೀದಿಗಿಳಿಯುವವರು ಯಾರು ಎಂಬ ಧೈರ್ಯ ಆಳುವವರಿಗೆ ಇದ್ದೇ ಇರುತ್ತದೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಚುನಾವಣೆ ನಡೆಯುವ ತನಕ ಬೆಂಗಳೂರಿನ ಮತ್ತು ಮಂಗಳೂರಿನ ಪ್ರತಿ ವಾರ್ಡಿಗೆ ಸದ್ಯ ಹೊಣೆಗಾರರಾಗಿರುವ ಅಧಿಕಾರಿ ಯಾರು, ಅವರ ಕಚೇರಿ ಎಲ್ಲಿದೆ, ಅಹವಾಲು ಕೇಳಲು ಅವರು ಯಾವ ದಿನ ಸಿಗುತ್ತಾರೆ ಎಂಬ ವಿವರವನ್ನು ಆಯಾ ಆವೃತ್ತಿಗಳಲ್ಲಿ ವಾರಕ್ಕೊಮ್ಮೆಯಾದರೂ ಪ್ರಕಟಿಸಬೇಕು. ಅಲ್ಲಿ ನೆಲಸಿರುವ ನಮ್ಮ ಮಕ್ಕಳಲ್ಲಿ ಈ ಪ್ರಶ್ನೆ ಕೇಳಿದರೆ ಅವರಿಗೆ ಉತ್ತರ ತಿಳಿದಿರುವುದಿಲ್ಲ. ವಾರ್ಡಿನ ಗೆರೆಯೇ ಮೂರು ಸಲ ಬದಲಾಗಿರುವಾಗ ತಿಳಿಯುವುದಾದರೂ ಹೇಗೆ?

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಂಚಾಯತು ನೌಕರ
ಬದಿಯಡ್ಕ, ಕಾಸರಗೋಡು ಜಿಲ್ಲೆ
ಡಿಸೆಂಬರ್ 2025